ತಡಿಯಂಡಮೋಳ್‌ಗೆ ಒಂದು ದಿನ ಸಾಕಾ? ಟಿಕೆಟ್ ಇದ್ದೂ ಗೇಟಿನ ಹೊರಗೆ ನಿಂತ ಕಥೆ

ನಮಸ್ಕಾರ. ಏನೂ ಕಾಣ್ತಿಲ್ಲ ಅಲ್ವಾ? ಕ್ಯಾಮೆರಾ ಸರಿಯಾಗಿಯೇ ಇದೆ. ಬೆಳಗಿನ ಜಾವ ಐದೂಕಾಲು ಗಂಟೆ, ನಾಪೋಕ್ಲು ಹತ್ತಿರ ನಮ್ಮ ಚಿಕ್ಕಮ್ಮನ ಮನೆ ಅಂಗಳ. ಆ ಕೆಂಪು ಚುಕ್ಕೆ ಬಚ್ಚಲೊಲೆಯ ಕೆಂಡ. ಆ ಸದ್ದು ನನ್ನ ತಮ್ಮ ಕಾರಿನ ಗಾಜು ಒರೆಸುತ್ತಿರುವುದು. ಚಿಕ್ಕಮ್ಮನ ಮಗ, ಇವತ್ತಿನ ಡ್ರೈವರ್ ಅವನೇ.

ಆಫೀಸಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಬೆಂಗಳೂರಿಂದ ಬೆಳಗ್ಗೆ ಹೊರಟು, ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿ, ರಾತ್ರಿ ವಾಪಸ್ ಬಂದುಬಿಡಬಹುದಾ? ಬರಬಹುದು. ಆದರೆ ಅದು ಚಾರಣ ಅಲ್ಲ, ಡ್ರೈವಿಂಗ್. ಬೆಂಗಳೂರಿಂದ ಬೆಟ್ಟದ ಬುಡದ ಕಕ್ಕಬ್ಬೆಗೆ ಸುಮಾರು 270 ಕಿಲೋಮೀಟರ್. ಮೈಸೂರಿನ ತನಕ ಎಕ್ಸ್‌ಪ್ರೆಸ್‌ವೇ ಇದೆ, ಒಂದೂವರೆ ಎರಡು ಗಂಟೆ. ಅದನ್ನು ನೋಡಿ ಎಲ್ಲರೂ ಮೋಸ ಹೋಗುತ್ತಾರೆ. ಹುಣಸೂರು ದಾಟಿದ ಮೇಲೆ ಮ್ಯಾಪ್ ಹೇಳುವ ಟೈಮಿಗೆ ಅರ್ಧ ಗಂಟೆ ಸೇರಿಸಿ. ಗೋಣಿಕೊಪ್ಪ ದಾಟಿದ ಮೇಲೆ ಇನ್ನರ್ಧ ಗಂಟೆ. ತಿಂಡಿಗೆ ನಿಂತಿದ್ದು ಬೇರೆ. ಹೋಗಲು ಆರು ಏಳು ಗಂಟೆ, ಬರಲು ಅಷ್ಟೇ. ಬೆಟ್ಟಕ್ಕೆ ಉಳಿಯುವುದು ಏನು, ಸೆಲ್ಫಿ ತೆಗೆಯುವಷ್ಟು ಹೊತ್ತು.

ಕೊಡಗಿಗೆ ರೈಲೂ ಇಲ್ಲ. ಹಾಗಾಗಿ ನನ್ನ ಲೆಕ್ಕ ಇಷ್ಟೇ. ಶುಕ್ರವಾರ ರಾತ್ರಿ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಬಸ್ ಹತ್ತಿ, ವಿರಾಜಪೇಟೆಯಲ್ಲಿ ಕಣ್ಣುಬಿಡಿ. ಶನಿವಾರ ಪೂರ್ತಿ ನಿದ್ದೆ ಮಾಡಿದರೂ ಸರಿ. ಊರಲ್ಲೇ ಇದ್ದುಕೊಂಡು ಒಂದೊಂದು ದಿನಕ್ಕೆ ಒಂದೊಂದು ಕಡೆ ಹೋಗಿ. ಮೈಸೂರಿನವರಿಗೆ ಈ ಕಷ್ಟ ಇಲ್ಲ, ಮಡಿಕೇರಿಗೆ 120 ಕಿಲೋಮೀಟರ್ ಅಷ್ಟೇ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಇದು ಬೆಲ್ಲದ ಕಾಫಿ. ಹಾಲು ಇಲ್ಲ. ಬೆಂಗಳೂರಿನಲ್ಲಿ ಇದನ್ನೇ ಮಾಡಲು ಹೋದರೆ ಕಷಾಯ ಆಗುತ್ತದೆ, ಯಾಕೋ ಗೊತ್ತಿಲ್ಲ. ಪೊಟ್ಟಣದಲ್ಲಿ ಅಕ್ಕಿ ರೊಟ್ಟಿ, ಎಳ್ಳಿನ ಚಟ್ನಿ. ಸರಿ, ಹೊರಟೆವು.

ಇದು ನಾಲ್ಕುನಾಡು ಅರಮನೆ, ಚಾರಣ ಶುರುವಾಗುವ ಜಾಗ. ಅರಮನೆ ಅಂದ ತಕ್ಷಣ ಮೈಸೂರಿನದ್ದು ನೆನಪಿಸಿಕೊಳ್ಳಬೇಡಿ. ಹೆಂಚಿನ ಮನೆ, ಮರದ ಕಂಬ, ಗೋಡೆ ಮೇಲೆ ಚಿತ್ರ. 1790ರ ದಶಕದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಕೊನೆಯ ರಾಜ ಚಿಕ್ಕ ವೀರರಾಜೇಂದ್ರ 1834ರಲ್ಲಿ ಬ್ರಿಟಿಷರು ಬಂದಾಗ ಇಲ್ಲೇ ಬಂದು ಅಡಗಿದ್ದ. ಸುತ್ತ ಇರುವ ಕಾಡು ನೋಡಿದರೆ ಯಾಕೆ ಇಲ್ಲಿಗೇ ಬಂದ ಅಂತ ಗೊತ್ತಾಗುತ್ತದೆ. ಇವತ್ತಿಗೂ ಇಲ್ಲಿ ಅಡಗಿ ಕೂತರೆ ಫೋನಿನಲ್ಲಂತೂ ಯಾರೂ ಹಿಡಿಯಲು ಆಗುವುದಿಲ್ಲ.

ಆ ಫೋನಿನ ಕಥೆಯನ್ನೇ ಈಗ ಹೇಳಬೇಕು.

ಈಗ ತಡಿಯಂಡಮೋಳ್ ಹತ್ತಲು ಮುಂಚೆಯೇ ಆನ್‌ಲೈನ್ ಟಿಕೆಟ್ ಬೇಕು. ಮೊದಲು ಸುಮ್ನೆ ಬಂದು ಹತ್ತುತ್ತಿದ್ದೆವು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ವಿಡಿಯೋ ನೀವೂ ನೋಡಿರುತ್ತೀರಿ. ಸಂತೆಯಲ್ಲೂ ಅಷ್ಟು ಜನ ಇರುವುದಿಲ್ಲ. ಅದಾದ ಮೇಲೆ ಅರಣ್ಯ ಇಲಾಖೆ ಬುಕಿಂಗ್ ಕಡ್ಡಾಯ ಮಾಡಿತು, ದಿನಕ್ಕೆ 300 ಜನ ಅಂತ ಮಿತಿ ಇಟ್ಟಿತು. ಒಳ್ಳೆಯದೇ ಮಾಡಿದರು. ನಾನೂ ಜವಾಬ್ದಾರಿಯಿಂದ ಹತ್ತು ದಿನ ಮುಂಚೆ ಬುಕ್ ಮಾಡಿದ್ದೆ. ದುಡ್ಡು ಕಟ್ಟಿದ್ದೆ. ಮೇಲ್ ಬಂದಿತ್ತು. ಆ ಮೇಲ್ ತೆರೆದೇ ಇರಲಿಲ್ಲ.

ಈಗ ಗೇಟಿನ ಮುಂದೆ ನಿಂತಿದ್ದೇನೆ, ನೋಡಿ. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಆಧಾರ್ ಕಾರ್ಡ್. ಗೇಟಿನಲ್ಲಿದ್ದ ಸಿಬ್ಬಂದಿ ಟಿಕೆಟ್ ತೋರಿಸಿ ಅಂದರು. ಫೋನಿನಲ್ಲಿ ಬಿಳಿ ಪರದೆ, ಮಧ್ಯದಲ್ಲಿ ಒಂದು ಚಕ್ರ ತಿರುಗುತ್ತಿದೆ. ಫೋನ್ ಎತ್ತಿ ಹಿಡಿದೆ. ಕಲ್ಲಿನ ಮೇಲೆ ಹತ್ತಿ ನಿಂತೆ. ಏರೋಪ್ಲೇನ್ ಮೋಡ್ ಹಾಕಿ ತೆಗೆದೆ. ತಮ್ಮ ಹಿಂದೆ ನಿಂತುಕೊಂಡು ನಗುತ್ತಿದ್ದಾನೆ, ಕೇಳಿಸುತ್ತಿದೆಯಲ್ಲ? "ಸರ್, ದುಡ್ಡು ಕಟ್ ಆಗಿರೋ ಮೆಸೇಜ್ ಇದೆ" ಅಂದೆ. ಅದನ್ನೇ ತೋರಿಸಿದೆ. ಅವರು ಸಮಾಧಾನವಾಗಿಯೇ ಹೇಳಿದರು. "ಅದು ಬ್ಯಾಂಕಿನ ಮೆಸೇಜ್ ಅಮ್ಮ. ಟಿಕೆಟ್ ತೋರ್ಸಿ."

ಕೋಪ ಬಂತು. ಆದರೆ ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಕಾರು ತಿರುಗಿಸಿ ಕೆಳಗೆ ಕೈಕಂಬದ ಕಡೆ ಬಂದೆವು. ಒಂದು ತಿರುವಿನಲ್ಲಿ ಒಂದು ಕಡ್ಡಿ ಸಿಗ್ನಲ್ ಬಂತು. ಕಾರು ನಿಲ್ಲಿಸುವಷ್ಟರಲ್ಲಿ ಹೋಯಿತು. ರಿವರ್ಸ್ ತೆಗೆದರೆ ಮತ್ತೆ ಬಂತು. ಅಲ್ಲಿ ಕಾಫಿ ತೋಟದ ಬೇಲಿ ಪಕ್ಕ ಒಬ್ಬರು ಅಜ್ಜ ಕತ್ತಿ ಹಿಡಿದು ನಿಂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ "ಆ ಸಿಲ್ವರ್ ಮರದ ಹತ್ರ ನಿಲ್ಲಿ, ಅಲ್ಲಿ ಬರ್ತದೆ" ಅಂದರು. ಅಂದರೆ ನನ್ನಂಥವರು ದಿನಾ ಬರುತ್ತಾರೆ! ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿತ್ತು. ಅದರ ಬುಡದಲ್ಲಿ ನೆಲ ಸವೆದು ಗಟ್ಟಿಯಾಗಿತ್ತು, ದೇವರ ಕಟ್ಟೆ ಮುಂದೆ ಇರುತ್ತದಲ್ಲ, ಹಾಗೆ. ಅಲ್ಲಿ ನಿಂತು ನಾಲ್ಕು ನಿಮಿಷದಲ್ಲಿ ಟಿಕೆಟ್ ಇಳಿಸಿಕೊಂಡೆ. ಸ್ಕ್ರೀನ್‌ಶಾಟ್ ತೆಗೆದೆ. ತಮ್ಮನಿಗೂ ಕಳಿಸಿದೆ. ಅಜ್ಜನಿಗೂ ತೋರಿಸಿಬಿಟ್ಟೆ.

ಒಟ್ಟು ಒಂದು ಗಂಟೆ ಐದು ನಿಮಿಷ ಹೋಯಿತು. ಮನೆಯಲ್ಲೇ ಒಂದು ಪ್ರಿಂಟ್ ತೆಗೆದಿದ್ದರೆ ಎರಡು ರೂಪಾಯಿ.

ಸರಿ, ಹತ್ತುತ್ತಿದ್ದೇವೆ. ಮೊದಲ ಭಾಗ ಜೀಪ್ ರಸ್ತೆ, ಬೇಜಾರು. ಈ ಭಾಗದ ವಿಡಿಯೋ ಬೇಗ ಓಡಿಸಿಬಿಡುತ್ತೇನೆ. ಈ ದೊಡ್ಡ ಬಂಡೆ ಬಂದರೆ ಅರ್ಧ ಮುಗಿಯಿತು ಅಂದುಕೊಳ್ಳಿ. ಮನಸ್ಸಿಗೆ ಮಾತ್ರ ಅರ್ಧ, ಕಾಲಿಗೆ ಅಲ್ಲ. ಅರಮನೆಯಿಂದ ತುದಿಗೆ ಆರೇಳು ಕಿಲೋಮೀಟರ್ ನಡಿಗೆ. ಕೊಡಗಿನ ಅತಿ ಎತ್ತರದ ಬೆಟ್ಟ ಇದೇ, 1,748 ಮೀಟರ್.

ಚಿಕ್ಕಮ್ಮ ಕೊಟ್ಟ ಕೋಲನ್ನು ನಾನು ಬೇಡ ಅಂದಿದ್ದೆ. ಈಗ ಅದು ನನ್ನ ಕೈಯಲ್ಲೇ ಇದೆ, ನೋಡಿ. ತುದಿಯಲ್ಲಿ ಕಟ್ಟಿರುವ ಬಟ್ಟೆ ಗಂಟಿನೊಳಗೆ ಕಲ್ಲುಪ್ಪು. ಜಿಗಣೆಗೆ. ಅಕ್ಟೋಬರ್ ಕೊನೆ ಆದರೂ ನೆಲ ಒದ್ದೆ ಇದೆ. ಇಲ್ಲಿ, ನನ್ನ ಶೂ ಲೇಸಿನ ಮೇಲೆ ಒಂದು ನೂಲಿನಷ್ಟು ಸಣ್ಣದು ಎದ್ದು ನಿಂತು ಗಾಳಿಯಲ್ಲಿ ತಲೆ ಆಡಿಸುತ್ತಿದೆ. ಉಪ್ಪಿನ ಗಂಟು ಮುಟ್ಟಿಸಿದೆ. ಮುದುರಿ ಬಿತ್ತು. ಆನ್‌ಲೈನಿನಲ್ಲಿ 450 ರೂಪಾಯಿ ಕೊಟ್ಟು ತರಿಸಿದ ಜಿಗಣೆ ಕಾಲುಚೀಲ ನನ್ನ ಬ್ಯಾಗಿನಲ್ಲಿದೆ. ಬ್ಯಾಗ್ ಕಾರಿನಲ್ಲಿದೆ.

ಕಚ್ಚಿದರೆ ಕಿತ್ತು ಎಳೆಯಬೇಡಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ನೋವಂತೂ ಆಗುವುದೇ ಇಲ್ಲ. ನನಗೆ ಅದೇ ಸಿಟ್ಟು. ಕಚ್ಚುವವರು ಹೇಳಿ ಕಚ್ಚಬೇಕು.

ಇದು ಕೊನೆಯ ಶೋಲಾ ಕಾಡು, ಅಂದರೆ ಹುಲ್ಲುಬೆಟ್ಟಗಳ ಮಡಿಕೆಯಲ್ಲಿ ಬೆಳೆಯುವ ದಟ್ಟ ಕಾಡು. ಬೇರು ಹಿಡಿದುಕೊಂಡು ಹತ್ತುವ ಜಾಗ, ಕ್ಯಾಮೆರಾ ಒಳಗೆ ಇಟ್ಟೆ. ಆಮೇಲೆ ಇದು ತುದಿ.

ಹೌದು, ಇದೇ ತುದಿ. ಬಿಳಿ. ಆ ಕಡೆ ಬಿಳಿ, ಈ ಕಡೆಯೂ ಬಿಳಿ. ಆಕಾಶ ತಿಳಿಯಾಗಿದ್ದರೆ ಇಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ. ಅದನ್ನು ನೋಡಲೆಂದೇ ಬೆಳಗ್ಗೆ ಐದಕ್ಕೆ ಎದ್ದಿದ್ದು. ಇಳಿದು ಬರುತ್ತಿದ್ದ ಹುಡುಗರು "ಒಂದು ಗಂಟೆ ಮುಂಚೆ ಸೂಪರ್ ಆಗಿತ್ತು ಅಕ್ಕಾ" ಅಂದರು. ತಮ್ಮ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ರೊಟ್ಟಿ ಬಿಚ್ಚಿದ.

ಇದು ಮರುದಿನ. ಸಮುದ್ರ ನೋಡದೆ ಬೆಂಗಳೂರಿಗೆ ಹೋಗುವುದಿಲ್ಲ ಅಂತ ನಾನು ಹಠ ಹಿಡಿದೆ. ಕೊಡಗಿಗೆ ಸಮುದ್ರ ಇಲ್ಲ, ಆದರೆ ದೂರವೂ ಇಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಬಹುದು. ವಿರಾಜಪೇಟೆಯಿಂದ ಮಾಕುಟ್ಟ ದಾಟಿ ಕಣ್ಣೂರಿಗೆ ಹೋಗಬಹುದು. ನಾವು ಹಿಡಿದದ್ದು ಭಾಗಮಂಡಲ, ಕರಿಕೆ, ಪಾಣತ್ತೂರು, ಕಾಞಂಗಾಡ್ ದಾರಿ. ಕಿರಿದಾದ ರಸ್ತೆ, ಎರಡೂ ಕಡೆ ಕಾಡು. ಎದುರಿಂದ ಬಸ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಬೇಕು. ಪ್ರತಿ ಸಲವೂ ನಾವೇ ಹೋದೆವು.

ಇದು ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು. ಸಾಗರ, ಶಿವಮೊಗ್ಗದ ಕಡೆಯ ರಾಜ ಇಷ್ಟು ದೂರ ಬಂದು ಸಮುದ್ರದ ಬಾಯಲ್ಲೇ ಕೋಟೆ ಹಾಕಿದ್ದಾನೆ. ಕರಾವಳಿಯಲ್ಲಿ ಬೆಟ್ಟದ ನಡಿಗೆ ಬೇಕು ಅನ್ನುವವರಿಗೆ ಇದು ನಡಿಗೆ ಅಂತಲೇ ಅನ್ನಿಸದಿರಬಹುದು. ಗೋಡೆ ಮೇಲೆ ಒಂದು ಸುತ್ತು, ಆಮೇಲೆ ಮರಳಿಗೆ ಇಳಿಯುವುದು, ಅಷ್ಟೇ. ಆದರೆ ಹನ್ನೊಂದು ಗಂಟೆ ಬಿಸಿಲಲ್ಲಿ ಆ ಒಂದು ಸುತ್ತು ನಿನ್ನೆಯ ಬೆಟ್ಟಕ್ಕಿಂತ ಜಾಸ್ತಿ ಸುಸ್ತು ಮಾಡಿತು. ಬೆಟ್ಟವೇ ವಾಸಿ ಅಂದೆ. ಅಲೆ ಕಾಲಿಗೆ ತಾಗಿದ ಮೇಲೆ ಮಾತು ವಾಪಸ್ ತೆಗೆದುಕೊಂಡೆ.

ಈ ಬುರುಜಿನ ಮೇಲೆ ನಿಂತು ತಮ್ಮ ಪೂರ್ವದ ಕಡೆ ಕೈ ತೋರಿಸಿದ. "ಅಕ್ಕಾ, ನಿನ್ನೆ ನಾವು ಅಲ್ಲಿ ನಿಂತಿದ್ದು." ಅಲ್ಲಿಯೂ ಬರೀ ಮೋಡ.

ಇದು ರಾತ್ರಿ, ವಿರಾಜಪೇಟೆ ಬಸ್ ನಿಲ್ದಾಣ. ಬ್ಯಾಟರಿ ಕೆಂಪಾಗಿದೆ. ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟದ ಬಗ್ಗೆಯೂ ಹೇಳಬೇಕು ಅಂದುಕೊಂಡಿದ್ದೆ, ಆದರೆ ಅಲ್ಲಿನ ಜೀಪಿನ ಬಾಡಿಗೆ ವಿಷಯ ಶುರು ಮಾಡಿದರೆ ಇವತ್ತು ಮುಗಿಯುವುದಿಲ್ಲ. ಚಿಕ್ಕಮ್ಮ ಫೋನ್ ಮಾಡಿದ್ದರು, ಬಸ್ ಟಿಕೆಟ್ ಪ್ರಿಂಟ್ ತೆಗೆದಿದ್ದೀಯಾ ಅಂತ ಕೇಳಲು. ತೆಗೆದಿದ್ದೇನೆ. ಎರಡು ಕಾಪಿ. ಬಸ್ ಬಂತು, ಬರ್ತೀನಿ.