ಹನಿ ನೀರಿಲ್ಲದ ಗಣಿಯೂರು

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬಾಯಾರು, ಪಡ್ರೆ ಕಡೆಯವರಿಗೆ ಸುರಂಗ ಅಂದರೆ ನೀರು. ಮುರಕಲ್ಲಿನ ಗುಡ್ಡವನ್ನು ಪಿಕ್ಕಾಸಿನಲ್ಲಿ ಅಡ್ಡಕ್ಕೆ ಕೊರೆದು, ಒರತೆ ಸಿಕ್ಕಿದ ಮೇಲೆ ತೋಟ, ಮನೆ. ಇವತ್ತು ಹೇಳುವ ಸುರಂಗದಲ್ಲಿ ಕಲ್ಲಿದ್ದಲು ಸಿಕ್ಕಿತು, ಆ ಊರಿನಲ್ಲಿ ಕುಡಿಯುವ ನೀರು ಇರಲಿಲ್ಲ. ಈ ಒಂದು ಮಾತನ್ನು ಹಿಡಿದುಕೊಳ್ಳಿ.

ಜಪಾನಿನ ನಾಗಸಾಕಿಯ ಹತ್ತಿರ, ಕಡಲಿನ ನಡುವೆ ಹಾಶಿಮಾ ಎಂಬ ಬಂಡೆದ್ವೀಪ. 1890ರಲ್ಲಿ ಮಿತ್ಸುಬಿಷಿ ಕಂಪೆನಿ ಅದನ್ನು ಕೊಂಡಿತು. ಸುತ್ತ ಗೋಡೆ ಕಟ್ಟಿ ಕಲ್ಲುಮಣ್ಣು ತುಂಬಿಸಿ ಹಿಗ್ಗಿಸಿದ ಮೇಲೂ ಹದಿನೈದೂವರೆ ಎಕರೆ. ದೊಡ್ಡದೊಂದು ಅಡಿಕೆ ತೋಟದಷ್ಟು! 1959ರಲ್ಲಿ ಅಲ್ಲಿ 5,259 ಜನ. ಅಗಲಕ್ಕೆ ಜಾಗವಿಲ್ಲದೆ 1916ರಲ್ಲೇ ಏಳು ಮಹಡಿಯ ಕಾಂಕ್ರೀಟು ಕಟ್ಟಡ ಎಬ್ಬಿಸಿದ್ದರು.

ಇಷ್ಟು ಜನಕ್ಕೆ ನೀರು? ಮೊದಲು ಸಮುದ್ರದ ನೀರನ್ನೇ ಬಟ್ಟಿ ಇಳಿಸಿದರು. ಆಮೇಲೆ ಹಡಗಿನಲ್ಲಿ ತಂದರು. ಗಾಳಿ ಎದ್ದು ಹಡಗು ಬಾರದಿದ್ದರೆ ಕೊಡ ಖಾಲಿ. ಕಡಲಿಗಿಂತ ಒಂದು ಕಿಲೋಮೀಟರ್ ಕೆಳಗೆ, ಸೆಕೆಯಲ್ಲಿ ಬೆಂದು ಮಸಿಯಾಗಿ ಮೇಲೆ ಬಂದವನ ಸ್ನಾನ ನೋಡಿ: ಮೊದಲ ತೊಟ್ಟಿಗೆ ಉಟ್ಟ ಬಟ್ಟೆಯಲ್ಲೇ ಇಳಿಯಬೇಕು, ಅದು ಉಪ್ಪುನೀರು. ಎರಡನೆಯದೂ ಉಪ್ಪುನೀರು. ಕೊನೆಗೆ ಮೈಯ ಉಪ್ಪು ತೊಳೆಯಲು ಮಾತ್ರ ಸಿಹಿನೀರು. ಕಡಲತಳದಲ್ಲಿ ಪೈಪು ಬಂದದ್ದು 1957ರಲ್ಲಿ. ತಾರಸಿಯಲ್ಲಿ ತರಕಾರಿ ಮಾಡಲು ಮಣ್ಣನ್ನೂ ಹೊರಗಿನಿಂದಲೇ ತಂದರು. ನೀರು ಹೊರಗಿನದು, ಮಣ್ಣು ಹೊರಗಿನದು. ಊರಿನದು ಅಂತ ಇದ್ದದ್ದು ಕಲ್ಲಿದ್ದಲೊಂದೇ.

ಎರಡನೇ ಮಹಾಯುದ್ಧದ ಕಾಲದಲ್ಲಿ ಕೊರಿಯಾ, ಚೀನಾದ ಜನರನ್ನು ಬಲವಂತವಾಗಿ ತಂದು ಇಲ್ಲಿ ದುಡಿಸಿದರು. ಅದನ್ನು ಬಿಟ್ಟು ಹಾಶಿಮಾದ ವಿಷಯ ಹೇಳಬಾರದು.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಕಲ್ಲಿದ್ದಲಿನ ಜಾಗಕ್ಕೆ ಪೆಟ್ರೋಲಿಯಂ ಬಂತು. 1974ರ ಜನವರಿಯಲ್ಲಿ ಗಣಿ ಮುಚ್ಚಿತು, ಏಪ್ರಿಲ್ 20ಕ್ಕೆ ಊರೇ ಖಾಲಿ. ಮೂರು ತಿಂಗಳು! ಬಾವಿ ಇದ್ದ ಊರಾಗಿದ್ದರೆ ನಾಲ್ಕು ಮನೆಯಾದರೂ ಉಳಿಯುತ್ತಿತ್ತು.

ಕಟ್ಟಡಗಳೂ ಗಟ್ಟಿಯಾಗಿ ಉಳಿಯಲಿಲ್ಲ. ಕಡಲ ಬದಿಯಲ್ಲಿ ತಾರಸಿ ಮನೆ ಇರುವವರು ಸರಿಯಾಗಿ ಕೇಳಿಸಿಕೊಳ್ಳಿ. ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಸಿಮೆಂಟನ್ನು ಒಳಗಿನಿಂದಲೇ ಸೀಳುತ್ತದೆ. ಬಿರುಕು ಕಂಡ ಕೂಡಲೇ ಸಡಿಲವಾದದ್ದನ್ನು ಕೆತ್ತಿ, ಸರಳು ಉಜ್ಜಿ, ಮತ್ತೆ ಗಾರೆ ಮಾಡಬೇಕು. ಹಾಶಿಮಾದಲ್ಲಿ ಅದನ್ನು ಮಾಡಲು ಯಾರೂ ಇರಲಿಲ್ಲ. 2009ರಿಂದ ಪ್ರವಾಸಿಗರನ್ನು ಬಿಡುತ್ತಾರೆ, ಆದರೆ ಗುರುತು ಮಾಡಿದ ದಾರಿಯಲ್ಲಿ ಮಾತ್ರ, ಆ ಏಳು ಮಹಡಿಯ ಕಟ್ಟಡವನ್ನು ದೂರದಿಂದಲೇ ನೋಡಿ ಬರಬೇಕು.