ಲೇಸರ್ ಕನ್ನಡಕ: ಬಣ್ಣ ನೋಡಬೇಡಿ, ಸಂಖ್ಯೆ ಓದಿ

[ದೃಶ್ಯ: ಮೇಜಿನ ಮೇಲೆ ಮೂರು ಕನ್ನಡಕಗಳು. ಒಂದು ಕಿತ್ತಳೆ, ಒಂದು ಹಸಿರು, ಒಂದಕ್ಕೆ ಬಣ್ಣವೇ ಇಲ್ಲ.]

ನಮಸ್ಕಾರ. ಅಕ್ರಿಲಿಕ್ ಹಾಳೆ ಕತ್ತರಿಸುವ ಕಾರ್ಬನ್ ಡೈಆಕ್ಸೈಡ್ ಲೇಸರ್ ಮುಂದೆ ನಿಲ್ಲಬೇಕಾದರೆ ಈ ಮೂರರಲ್ಲಿ ಯಾವುದನ್ನು ಹಾಕಿಕೊಳ್ಳುತ್ತೀರಿ? ಹೆಚ್ಚಿನವರ ಕೈ ಗಾಢ ಬಣ್ಣದ ಕಡೆಗೇ ಹೋಗುತ್ತದೆ. ಆದರೆ ಆ ಕೆಲಸಕ್ಕೆಂದೇ ತಯಾರಾದದ್ದು ಬಣ್ಣವಿಲ್ಲದ ಈ ಕನ್ನಡಕ. ಆ ಲೇಸರ್‌ನ ತರಂಗಾಂತರ 10,600 ನ್ಯಾನೊಮೀಟರ್. ನಮ್ಮ ಕಣ್ಣಿಗೆ ಗಾಜಿನಂತೆ ತಿಳಿಯಾಗಿ ಕಾಣುವ ಪಾಲಿಕಾರ್ಬೊನೇಟ್ ಅದಕ್ಕೆ ಗೋಡೆಯಿದ್ದಂತೆ.

ಇದೇ ಕನ್ನಡಕವನ್ನು ಹಾಕಿಕೊಂಡು ಪಕ್ಕದ ಶೆಡ್‌ನಲ್ಲಿ ಕೈಯಲ್ಲಿ ಹಿಡಿದು ಬೆಸೆಯುವ ಫೈಬರ್ ಲೇಸರ್ ಹತ್ತಿರ ಹೋದಿರಿ ಎನ್ನಿ. ಅದರ ತರಂಗಾಂತರ ಸುಮಾರು 1070. ಆ ಕಿರಣ ತೆರೆದ ಬಾಗಿಲಿನಲ್ಲಿ ನುಗ್ಗಿದಂತೆ ನೇರವಾಗಿ ಒಳಗೆ ಬರುತ್ತದೆ. ಎರಡು ಕಿರಣಗಳೂ ಕಣ್ಣಿಗೆ ಕಾಣುವುದಿಲ್ಲ. ಕನ್ನಡಕವೂ ಅದೇ. ಒಂದರ ಮುಂದೆ ರಕ್ಷಣೆ, ಇನ್ನೊಂದರ ಮುಂದೆ ಬರೀ ಅಲಂಕಾರ.

[ದೃಶ್ಯ: ಕಣ್ಣಿನ ಅಡ್ಡ ಸೀಳಿಕೆಯ ಚಿತ್ರ]

400ರಿಂದ 1400 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಕಣ್ಣಿನ ಮಸೂರ ಅಕ್ಷಿಪಟಲದ ಮೇಲೆ ಒಂದು ಚುಕ್ಕೆಯಾಗಿ ಕೂಡಿಸುತ್ತದೆ. ಪಾಪೆಯ ಬಳಿ ಇದ್ದ ತೀವ್ರತೆ ಅಲ್ಲಿಗೆ ಮುಟ್ಟುವಾಗ ಸುಮಾರು ಒಂದು ಲಕ್ಷ ಪಟ್ಟಾಗಿರುತ್ತದೆ. ಕಾಣುವ ಬೆಳಕಾದರೆ ರೆಪ್ಪೆ ಕಾಲು ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. 1070ರ ಕಿರಣ ಕಾಣುವುದೇ ಇಲ್ಲವಾದ್ದರಿಂದ ರೆಪ್ಪೆಗೆ ಸುದ್ದಿ ಹೋಗುವುದಿಲ್ಲ. ಅಕ್ಷಿಪಟಲಕ್ಕೆ ನೋವೂ ತಿಳಿಯುವುದಿಲ್ಲ.

ಹಾಗಾಗಿ ಮೊದಲು ಯಂತ್ರದ ಮೇಲಿನ ಚೀಟಿ ಓದಿ. ತರಂಗಾಂತರ ಎಷ್ಟು, ಶಕ್ತಿ ಎಷ್ಟು ಎಂದು ಬರೆದುಕೊಳ್ಳಿ. ಒಂದು ಎಚ್ಚರಿಕೆ: ಮರದ ಮೇಲೆ ಹೆಸರು ಕೆತ್ತುವ ಸಣ್ಣ ನೀಲಿ ಲೇಸರ್ ಯಂತ್ರಗಳ ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗುವ ವಾಟ್ ಎಷ್ಟೋ ಸಲ ಯಂತ್ರ ಎಳೆದುಕೊಳ್ಳುವ ವಿದ್ಯುತ್ತಿನದು. ನಮಗೆ ಬೇಕಾದದ್ದು ಹೊರಬರುವ ಬೆಳಕಿನ ವಾಟ್.

[ದೃಶ್ಯ: ಕನ್ನಡಕದ ಅಂಚಿನ ಅಕ್ಷರಗಳು, ಹತ್ತಿರದಿಂದ]

ಇನ್ನು ಓಡಿ, ಅಂದರೆ ಆಪ್ಟಿಕಲ್ ಡೆನ್ಸಿಟಿ. ಹೆಸರು ಕೇಳಿ ಓಡಬೇಡಿ, ಲೆಕ್ಕ ಸುಲಭ. ಓಡಿ 1 ಎಂದರೆ ಹತ್ತರಲ್ಲಿ ಒಂದು ಪಾಲು ಬೆಳಕು ಒಳಗೆ ಬರುತ್ತದೆ. ಓಡಿ 4 ಎಂದರೆ ಹತ್ತು ಸಾವಿರದಲ್ಲಿ ಒಂದು, ಓಡಿ 6 ಎಂದರೆ ಹತ್ತು ಲಕ್ಷದಲ್ಲಿ ಒಂದು. 450 ನ್ಯಾನೊಮೀಟರ್‌ನ 5 ವಾಟ್ ನೀಲಿ ಲೇಸರ್ ತೆಗೆದುಕೊಳ್ಳಿ. ಕಾಲು ಸೆಕೆಂಡಿನ ನೋಟಕ್ಕೆ ಕಣ್ಣು ತಾಳುವುದು ಸುಮಾರು 1 ಮಿಲಿವಾಟ್. ಐದು ಸಾವಿರ ಪಟ್ಟು ಇಳಿಸಬೇಕು, ಅಂದರೆ ಓಡಿ 4 ಕನಿಷ್ಠ. ನಾನಾದರೆ 5ಕ್ಕಿಂತ ಕೆಳಗೆ ಕೊಳ್ಳುವುದಿಲ್ಲ. 1500 ವಾಟ್‌ನ ಫೈಬರ್ ಲೇಸರ್‌ಗೆ, ಅದರ ತರಂಗಾಂತರಕ್ಕೆ ಕಣ್ಣು ತಾಳುವ ಮಿತಿಯನ್ನು ಹಿಡಿದು ಇದೇ ಬಗೆಯ ಲೆಕ್ಕ ಹಾಕಿದರೆ ಕನಿಷ್ಠವೇ ಓಡಿ 6ಕ್ಕೆ ಬಂದು ನಿಲ್ಲುತ್ತದೆ.

ಅಲ್ಲಿ ಓಡಿ ಒಂದೇ ಸಾಲದು. ಅಷ್ಟು ಶಕ್ತಿಯ ಕಿರಣ ನೇರವಾಗಿ ಬಿದ್ದರೆ ಪ್ಲಾಸ್ಟಿಕ್ ಕರಗಿ ತೂತಾಗಬಹುದು, ತೂತಿಗೆ ಯಾವ ಓಡಿ? ಯುರೋಪಿನ ಇಎನ್ 207 ಮಾನದಂಡ ಇದಕ್ಕೇ ಉತ್ತರ ಕೊಡುತ್ತದೆ. ಅದರಲ್ಲಿ ‘ಎಲ್‌ಬಿ’ ಜೊತೆಗಿನ ಸಂಖ್ಯೆ ಬೆಳಕನ್ನು ತಡೆಯುವುದನ್ನಷ್ಟೇ ಅಲ್ಲ, ನೇರ ಹೊಡೆತವನ್ನು ತಾಳುವುದನ್ನೂ ಹೇಳುತ್ತದೆ. ಮುಂದಿರುವ ‘ಡಿ’ ನಿರಂತರ ಕಿರಣಕ್ಕೆ. ‘ಐ’, ‘ಆರ್’, ‘ಎಂ’ ಮಿಡಿತದ ಕಿರಣಗಳಿಗೆ. ಲೋಹದ ಮೇಲೆ ಗುರುತು ಹಾಕುವ ಯಂತ್ರಗಳು ಸಾಮಾನ್ಯವಾಗಿ ಮಿಡಿತದವು. ಬರೀ ‘ಡಿ’ ಇರುವ ಕನ್ನಡಕ ಅವಕ್ಕೆ ಆಗುವುದಿಲ್ಲ.

ತಂಪು ಕನ್ನಡಕ? ಬೇಡವೇ ಬೇಡ. ಕತ್ತಲಿಗೆ ಪಾಪೆ ಇನ್ನಷ್ಟು ಅಗಲವಾಗಿ ತೆರೆದುಕೊಳ್ಳುತ್ತದೆ, ಅಷ್ಟೆ. ಆರ್ಕ್ ವೆಲ್ಡಿಂಗ್‌ನ ಕಪ್ಪು ಗಾಜೂ ಲೇಸರ್‌ಗೆಂದು ಪರೀಕ್ಷೆಯಾದದ್ದಲ್ಲ.

ಅಗ್ಗದ ಹಸಿರು ಲೇಸರ್‌ಗಳದ್ದು ಬೇರೆಯೇ ಕಥೆ. ಅವುಗಳಲ್ಲಿ 808ರ ಬೆಳಕು 1064 ಆಗಿ, ಅದು 532ರ ಹಸಿರಾಗುತ್ತದೆ. ಒಳಗೆ ಸೋಸುವ ಗಾಜು ಹಾಕದಿದ್ದರೆ ಮೊದಲಿನ ಎರಡೂ ಹಸಿರಿನ ಜೊತೆ ಹೊರಗೆ ಬರುತ್ತವೆ. ಹಸಿರನ್ನಷ್ಟೇ ತಡೆಯುವ ಕನ್ನಡಕದಲ್ಲಿ ಚುಕ್ಕೆ ಮಾಯವಾದದ್ದನ್ನು ಕಂಡು ನಿಶ್ಚಿಂತರಾಗುತ್ತೇವೆ. ಅದಕ್ಕೆ ಮೂರು ತರಂಗಾಂತರಗಳನ್ನೂ ಹೆಸರಿಸಿರುವ ಕನ್ನಡಕವೇ ಬೇಕು.

ಕೊಳ್ಳುವಾಗ ಕಾಣುವ ಬೆಳಕಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದನ್ನೂ ಕೇಳಿ. 20 ಪ್ರತಿಶತಕ್ಕಿಂತ ಕಡಿಮೆಯಾದರೆ ಕೋಣೆಗೆ ಹೆಚ್ಚು ದೀಪ ಬೇಕಾಗುತ್ತದೆ. ಏನೂ ಕಾಣದೆ ತಡವರಿಸುವವನು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿಕೊಳ್ಳುತ್ತಾನೆ. ಆಗ ಯಾವ ಮಾನದಂಡವೂ ಲೆಕ್ಕಕ್ಕಿಲ್ಲ. ಪಕ್ಕಗಳು ಮುಚ್ಚಿರಬೇಕು, ಏಕೆಂದರೆ ತೊಂದರೆ ಬಹುಪಾಲು ಬರುವುದು ಹೊಳೆಯುವ ಉಕ್ಕಿನಿಂದ, ಸ್ಪ್ಯಾನರ್‌ನಿಂದ, ಬೆರಳಿನ ಉಂಗುರದಿಂದ ಚಿಮ್ಮಿದ ಪ್ರತಿಫಲನದಿಂದ. ಗೀರು ಬಿದ್ದದ್ದನ್ನು, ಬಣ್ಣ ಮಾಸಿದ್ದನ್ನು ಬದಲಿಸಿ. ಚೆನ್ನಾಗಿದೆಯೇ ಎಂದು ಅದರ ಮೇಲೆ ಲೇಸರ್ ಹೊಡೆದು ಪರೀಕ್ಷಿಸಬೇಡಿ.

[ದೃಶ್ಯ: ಹಸಿರು ಕನ್ನಡಕವನ್ನು ಕೈಗೆತ್ತಿಕೊಳ್ಳುವುದು]

ಅಂದ ಹಾಗೆ, ಈ ಹಸಿರು ಕನ್ನಡಕ ನನ್ನ ಮೊದಲ ಕೆತ್ತನೆ ಯಂತ್ರದ ಪೆಟ್ಟಿಗೆಯಲ್ಲಿ ಉಚಿತವಾಗಿ ಬಂದದ್ದು. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಎಲ್ಲಿಯೂ ಒಂದು ಸಂಖ್ಯೆ ಇಲ್ಲ. ಈಗ ಅದು ಅಡುಗೆಮನೆಯಲ್ಲಿದೆ. ಈರುಳ್ಳಿ ಹೆಚ್ಚುವಾಗ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.