ಎಲೆ ಮಗುಚಿ ನೋಡಿ

ರೈತ ಬಾಂಧವರೇ, ನಮಸ್ಕಾರ. ಮಹಾಬಳೇಶ್ವರ, ಪಂಚಗಣಿ ಕಡೆಯಿಂದ ಸ್ಟ್ರಾಬೆರಿ ಸಸಿ ತಂದು ನಮ್ಮ ಬೆಳಗಾವಿ ಸೀಮೆಯಲ್ಲಿ ನಾಟಿ ಮಾಡಿದವರಿಗಾಗಿ ಇವತ್ತಿನ ಮಾತು.

ಹಣ್ಣಿಗೆ ಸಿಹಿ ಎಲ್ಲಿಂದ ಬರುತ್ತದೆ? ಗೊಬ್ಬರದ ಚೀಲದಿಂದ ಅಂತ ತುಂಬಾ ಜನ ತಿಳಿದಿದ್ದಾರೆ. ಸಕ್ಕರೆ ಮಾಡುವುದು ಎಲೆ. ಬಿಸಿಲು, ನೀರು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಇಷ್ಟಿದ್ದರೆ ಎಲೆಯ ಹಸಿರು ಅಡುಗೆಗೆ ಕೂರುತ್ತದೆ. ಸ್ಟ್ರಾಬೆರಿ ಎಲೆಗೆ ಗಾಳಿ ಹೋಗುವ ಕಿಂಡಿಗಳಿರುವುದು ಕೆಳಮೈಯಲ್ಲಿ. ಅದಕ್ಕೇ ಹೇಳುವುದು, ಎಲೆ ಮಗುಚಿ ನೋಡಿ.

ಒಂದು ಫೆಬ್ರವರಿಯಲ್ಲಿ ರೈತರೊಬ್ಬರ ಹೊಲಕ್ಕೆ ಹೋಗಿದ್ದೆ. ಮಣ್ಣಿನ ರಸ್ತೆಗೆ ತಾಗಿದ ಹೊಲ. "ಹಣ್ಣು ಸಣ್ಣ ಆಗ್ಯಾವ್ರೀ ಸರ್, ರುಚಿನೂ ಇಲ್ಲ. ಎರಡು ಸಲ ಪೊಟ್ಯಾಷ್ ಕೊಟ್ಟೀನ್ರಿ" ಅಂದರು. ಹುಳ ತಿಂದು ತೂತಾದ ಎಲೆಯೊಂದನ್ನು ಮುಂದೆ ಹಿಡಿದರು. ಅದನ್ನ ಬಿಡ್ರಿ ಕಾಕಾ, ತೂತಿನ ಸುತ್ತ ಉಳಿದ ಹಸಿರು ಇನ್ನೂ ದುಡೀತದ ಅಂದೆ. ನನ್ನ ಕಣ್ಣು ರಸ್ತೆ ಬದಿಯ ಸಾಲಿನ ಮೇಲಿತ್ತು. ಅಲ್ಲಿ ಎಲೆ ಇಡಿಯಾಗಿತ್ತು, ಆದರೆ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಬಿಳಿ ಹಾಳೆ ಹಿಡಿದು ಎಲೆಯನ್ನು ಅದರ ಮೇಲೆ ಎರಡು ಸಲ ತಟ್ಟಿದೆ. "ಧೂಳ ಐತ್ರೀ ಅದು" ಅಂದರು ಕಾಕಾ. ಅವರ ಮನೆಯವರು ಹಣ್ಣಿನ ಬುಟ್ಟಿ ಕೆಳಗಿಟ್ಟು ಬಂದು ಬಗ್ಗಿ ನೋಡಿದರು. "ಧೂಳ ಹಿಂಗ ಓಡತೈತೇನ್ರೀ?" ಅಂದರು. ಹಾಳೆ ತುಂಬ ಚುಕ್ಕೆಗಳು ಓಡುತ್ತಿದ್ದವು!

ಅದು ಜೇಡ ನುಸಿ. ಉದ್ದ ಅರ್ಧ ಮಿಲಿಮೀಟರ್. ಎಲೆಯ ಕೆಳಗೆ ಬಲೆ ಕಟ್ಟಿಕೊಂಡು, ಒಂದೊಂದೇ ಕೋಶಕ್ಕೆ ಸೂಜಿಯಂಥ ಬಾಯಿ ಚುಚ್ಚಿ ಹಸಿರನ್ನೇ ಹೀರುತ್ತದೆ. ಮೇಲೆ ಕಾಣುವ ಬಿಳಿ ಚುಕ್ಕೆ ಅಂದರೆ ಖಾಲಿಯಾದ ಕೋಶಗಳು. ಎಲೆ ಗಿಡದಲ್ಲೇ ಇರುತ್ತದೆ, ಸಕ್ಕರೆ ಕಡಿಮೆಯಾಗುತ್ತಾ ಹೋಗುತ್ತದೆ. ಅಡುಗೆಮನೆಯೇ ಬರಿದಾದ ಮೇಲೆ ಪೊಟ್ಯಾಷ್ ಸುರಿದು ಏನು ಬಂತು? ಎಷ್ಟು ಸಲ ಹೇಳಿದರೂ ನಾವು ಮೇಲಿನಿಂದಷ್ಟೇ ನೋಡಿ ಅಂಗಡಿಗೆ ಹೋಗುತ್ತೇವೆ, ಅಲ್ವಾ?

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಔಷಧಿ ಹೊಡೆಯುವುದಾದರೆ ಎಲೆಯ ಕೆಳಮೈಗೆ ತಾಗಬೇಕು. ಸಿಕ್ಕಿದ ಕೀಟನಾಶಕ ಹೊಡೆದರೆ ಈ ನುಸಿಯನ್ನು ತಿನ್ನುವ ಒಳ್ಳೆಯ ನುಸಿಗಳೂ ಸಾಯುತ್ತವೆ. ಹಣ್ಣು ಕಾಣಲಿ ಅಂತ ಸುಮ್ನೆ ಹಸಿರು ಎಲೆ ಕೀಳಬೇಡಿ. ಒಣಗಿದ್ದನ್ನು ಮಾತ್ರ ಕಿತ್ತು ಹೊಲದಾಚೆ ಹಾಕಿ. ಸೆಖೆ ಜಾಸ್ತಿಯಾದರೆ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಸುಮಾರು ಒಂದು ವಾರ ಸಾಕು. ಹಾಗಾಗಿ ವಾರಕ್ಕೆ ಎರಡು ಸಲ ಎಲೆ ಮಗುಚಿ ನೋಡಿ. ಧೂಳು ಕೂರುವ ರಸ್ತೆ ಬದಿಯ ಸಾಲಿನಿಂದಲೇ ಶುರು ಮಾಡಿ. ನಮಸ್ಕಾರ.